ಮಳೆಗಾಲ ದಾಟಿಸುವುದು ಹೇಗೆ: ಮಲೆನಾಡಿನ ಮನೆಯಲ್ಲಿ ಸ್ಕೀ, ಸ್ನೋಬೋರ್ಡ್, ಬೂಟು

ತುಂಗಾತೀರ

ನಾವು ಸ್ಕೀ ಆಡಲು ಹೋಗುವ ಹಿಮಾಲಯದ ಔಲಿ, ಗುಲ್ಮಾರ್ಗ್ ಕಡೆ ಹಿಮ ಮಾರ್ಚ್ ಕೊನೆಯ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಸಾಮಾನು ತೀರ್ಥಹಳ್ಳಿ ಸೇರುವುದು ಏಪ್ರಿಲ್ ಮೊದಲ ವಾರ, ಮತ್ತೆ ಬೇಕಾಗುವುದು ಜನವರಿಗೆ. ನಡುವಿನ ಒಂಬತ್ತು ತಿಂಗಳಲ್ಲಿ ನಾಲ್ಕು ತಿಂಗಳು ಬೆಂಕಿಕಡ್ಡಿ ಗೀರಿದರೂ ಹತ್ತದಷ್ಟು ತೇವ.

ಇಡಬೇಕಾದದ್ದು ಇಷ್ಟು: 170 ಸೆಂ.ಮೀ. ಸ್ಕೀ (ಹಿಮದ ಮೇಲೆ ಜಾರುವ ಹಲಗೆ) ಒಂದು ಜೋಡಿ, ಒಂದು ಸ್ನೋಬೋರ್ಡ್ (ಎರಡೂ ಕಾಲಿಗೆ ಒಂದೇ ಹಲಗೆ), ಎರಡು ಜೊತೆ ಬೂಟು, ಗರಿ ತುಂಬಿದ ಜಾಕೆಟ್, ಮಳೆ ತಡೆಯುವ ಹೊರಜಾಕೆಟ್, ಗಾಗಲ್, ಹೆಲ್ಮೆಟ್, ಚರ್ಮದ ಕೈಗವಸು. ಮನೆ ಹಂಚಿನದು, ಗೋಡೆ ಮಣ್ಣಿನದು. ಅಟ್ಟ ಇದೆ, ಒಂದು ಕಬ್ಬಿಣದ ಬೀರು ಇದೆ. ಓದಿದಲ್ಲೆಲ್ಲ ಒಂದೇ ಮಾತು: ತಂಪಾಗಿರುವ, ಒಣಗಿರುವ, ಗಾಳಿಯಾಡುವ ಜಾಗದಲ್ಲಿಡಿ ಅಂತ. ಈ ಮೂರೂ ಒಟ್ಟಿಗೆ ಸಿಗುವ ಮೂಲೆ ಜುಲೈ ತಿಂಗಳಲ್ಲಿ ನಮ್ಮ ಕಡೆ ಯಾವ ಮನೆಯಲ್ಲಿದೆ? ಯಾವ ಕ್ರಮದಲ್ಲಿ ಏನು ಮಾಡಬೇಕು ಅಂತ ಗೊತ್ತಿರುವವರು ಬಿಡಿಸಿ ಹೇಳಿ.


ಒಣಹವೆ

ಆ ಸಲಹೆ ತಪ್ಪಲ್ಲ, ಆದರೆ ಅದು ಹಿಮ ಬೀಳುವ ಊರಿನವರಿಗೆ ಬರೆದದ್ದು. ಅವರ ಬೇಸಿಗೆ ಅಂದರೆ ಒಣಹವೆ. ಕಿಟಕಿ ತೆರೆದಿಟ್ಟರೆ ಸಾಮಾನು ತಾನಾಗಿ ಒಣಗುತ್ತದೆ. ನಮ್ಮಲ್ಲಿ ಕಿಟಕಿ ತೆರೆದರೆ ಒಳಗೆ ಬರುವುದೇ ನೀರು. ಆರಿದ್ರಾ ಮಳೆಯಿಂದ ಮಘಾ ಮಳೆಯವರೆಗೆ, ಅಂದರೆ ಜೂನ್ 21ರ ಸುಮಾರಿನಿಂದ ಆಗಸ್ಟ್ ಕೊನೆಯವರೆಗೆ, ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆ ಗಾಳಿಯ ತೇವ ಎಷ್ಟೋ ದಿನ ಶೇಕಡಾ 90ರ ಕೆಳಗೆ ಇಳಿಯುವುದೇ ಇಲ್ಲ. ಕಬ್ಬಿಣಕ್ಕೆ ತುಕ್ಕು ಚುರುಕಾಗುವುದು 60ರ ಆಸುಪಾಸಿನಿಂದ, ಬಟ್ಟೆಗೆ ಬೂಷ್ಟು ಹಿಡಿಯುವುದು 65–70 ದಾಟಿದ ಮೇಲೆ.

ಹಾಗಾಗಿ ನಮ್ಮ ನಿಯಮ ಅವರದ್ದಕ್ಕೆ ತಿರುಗುಮುರುಗು. ಏಪ್ರಿಲ್‌ನಲ್ಲಿ ಗಾಳಿಯಾಡಲು ಬಿಡಿ. ಭರಣಿ ಮಳೆ ಹುಟ್ಟುವ ಮೊದಲು, ಅಂದರೆ ಏಪ್ರಿಲ್ 27ರ ಒಳಗೆ, ಗಾಳಿಯಾಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿಬಿಡಿ. ಮುಚ್ಚಿದ್ದನ್ನು ಅಕ್ಟೋಬರ್‌ವರೆಗೆ ಬಿಚ್ಚಬೇಡಿ. ತಡವಾದರೆ ರೋಹಿಣಿ ಮಳೆಯ ಮುಂಚೆಯಾದರೂ ಮುಗಿಯಲಿ.

ಮುಚ್ಚುವ ಹೊತ್ತೂ ಮುಖ್ಯ. ಬೆಳಗ್ಗೆ ಇಬ್ಬನಿ ಇರುವಾಗ ಮುಚ್ಚಿದರೆ ಸಾಮಾನಿನ ಮೇಲ್ಮೈ ಆ ತೇವವನ್ನು ಹಿಡಿದುಕೊಂಡೇ ಒಳಗೆ ಹೋಗುತ್ತದೆ. ಬಿಸಿಲೇರಿದ ಮೇಲೆ, ಮಧ್ಯಾಹ್ನ 2ರಿಂದ 4ರ ಒಳಗೆ ಮುಚ್ಚಿ. ಹಿಂದಿನ ಎರಡು ದಿನ ಮಳೆ ಹನಿಯದಿದ್ದರೆ ಇನ್ನೂ ಒಳ್ಳೆಯದು.


ಎಡ್ಜ್_88

ಮುಚ್ಚುವುದು ಕೊನೆಯ ಕೆಲಸ. ಅದಕ್ಕೆ ಮೊದಲು ಸ್ಕೀಯ ಕೆಲಸ ಪೂರ್ತಿ ಆಗಬೇಕು. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಇಲ್ಲಿ ಅರ್ಧ ಮಾಡಿ ಬಿಟ್ಟರೆ ಡಿಸೆಂಬರ್‌ನಲ್ಲಿ ಸರಿಮಾಡಲು ಆಗುವುದಿಲ್ಲ.

ಮೊದಲು ತೊಳೆಯುವುದು. ಉಗುರುಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ, ಅಷ್ಟೇ. ಬೂಟನ್ನು ಸ್ಕೀಗೆ ಕಚ್ಚಿಸುವ ಬೈಂಡಿಂಗ್‌ಗೆ ಜೋರು ನೀರಿನ ಪೈಪು ಹಿಡಿಯಬೇಡಿ. ಒಳಗಿನ ಗ್ರೀಸ್ ತೊಳೆದುಹೋಗಿ ಆ ಜಾಗಕ್ಕೆ ಮಣ್ಣು ಸೇರುತ್ತದೆ. ಬೈಂಡಿಂಗ್ ಕಿರುಗುಟ್ಟಿದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವ ಅಭ್ಯಾಸ ಕೆಲವರಿಗಿದೆ. ಅದೂ ಬೇಡ, ಅದೂ ಗ್ರೀಸನ್ನು ಕರಗಿಸುತ್ತದೆ. ಬ್ರಷ್‌ನಿಂದ ಮಣ್ಣು ಕೊಡವಿ, ಬಟ್ಟೆಯಲ್ಲಿ ಒರೆಸಿದರೆ ಸಾಕು.

ಆಮೇಲೆ ಎಡ್ಜ್, ಅಂದರೆ ತಳದ ಎರಡೂ ಬದಿಯ ಉಕ್ಕಿನ ಅಂಚು. ಬೆರಳುಗುರನ್ನು ಎಡ್ಜ್‌ಗೆ ಅಡ್ಡವಾಗಿ ಎಳೆಯಿರಿ. ಎಲ್ಲಿ ಕಚ್ಚುತ್ತದೋ ಅಲ್ಲಿ ಕಲ್ಲು ತಾಗಿ ಎದ್ದ ಮುಳ್ಳು ಇದೆ. 400 ಗ್ರಿಟ್ ವಜ್ರದ ಕಲ್ಲನ್ನು ನೀರಲ್ಲಿ ಅದ್ದಿ, ಪಕ್ಕದ ಎಡ್ಜ್ ಮೇಲೆ 88 ಡಿಗ್ರಿಯ ಗೈಡ್ (ಕೋನ ಹಿಡಿದಿಡುವ ಅಚ್ಚು) ಇಟ್ಟು, ಒಂದೇ ದಿಕ್ಕಿನಲ್ಲಿ ನಾಲ್ಕೈದು ಸಲ ಎಳೆಯಿರಿ. ತಳದ ಕಡೆಯ ಎಡ್ಜ್ ಅನ್ನು ಈಗ ಮುಟ್ಟಬೇಡಿ, ಅದರ 1 ಡಿಗ್ರಿ ಕೋನ ಒಮ್ಮೆ ಹೋದರೆ ಬೇಸ್ (ಜಾರುವ ತಳ) ಪೂರ್ತಿ ಉಜ್ಜದೆ ಮರಳಿ ಬರುವುದಿಲ್ಲ. ತುಕ್ಕಿನ ಚುಕ್ಕೆ ಇದ್ದರೆ ರಬ್ಬರ್‌ನಂಥ ಗಮ್ ಕಲ್ಲಿನಿಂದ ಈಗಲೇ ತೆಗೆಯಿರಿ. ಮೇಣದ ಅಡಿಯಲ್ಲಿ ಬಿಟ್ಟ ತುಕ್ಕು ಅಲ್ಲೇ ಕೂತು ಗುಳಿ ಕೊರೆಯುತ್ತದೆ. ಕಲ್ಲಿನ ಕೆಲಸ ಮುಗಿದ ಮೇಲೆ ನೀರಿನ ಪಸೆ ಉಳಿಯದಂತೆ ಒರೆಸಿ, ಒಂದು ರಾತ್ರಿ ಫ್ಯಾನ್ ಕೆಳಗೆ ಇಡಿ.

ಸ್ಕೀಯ ಪಕ್ಕದ ಗೋಡೆ, ಮೇಲ್ಪದರ ನೋಡಿ. ಕೂದಲೆಳೆಯ ಬಿರುಕು ಇದ್ದರೂ ಎರಡು ಟ್ಯೂಬಿನ ಎಪಾಕ್ಸಿ ಅಂಟು ಕಲಸಿ ತುಂಬಿ, ಕ್ಲಾಂಪ್ ಹಾಕಿ 24 ಗಂಟೆ ಬಿಡಿ. ಹೆಚ್ಚಿನ ಸ್ಕೀಗಳ ಒಳಗೆ ಇರುವುದು ಮರ. ಬಿರುಕಿನಲ್ಲಿ ತೇವ ಹೊಕ್ಕರೆ ಮರ ಉಬ್ಬಿ ಪದರ ಬಿಡುತ್ತದೆ.

ಈಗ ವ್ಯಾಕ್ಸ್, ಅಂದರೆ ಬೇಸ್‌ಗೆ ಕರಗಿಸಿ ಹಚ್ಚುವ ಮೇಣ. ದಪ್ಪ ರಬ್ಬರ್ ಬ್ಯಾಂಡ್ ಹಾಕಿ ಬೈಂಡಿಂಗ್‌ನಲ್ಲಿರುವ ಬ್ರೇಕ್‌ನ (ಕಳಚಿದ ಸ್ಕೀ ಜಾರಿಹೋಗದಂತೆ ತಡೆಯುವುದು) ಎರಡು ಕಾಲು ಮೇಲಕ್ಕೆ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಇಸ್ತ್ರಿಪೆಟ್ಟಿಗೆಗೆ ಅಡ್ಡ ಬರುತ್ತವೆ. ಮೊದಲ ಸುತ್ತು ಬೇಸ್ ತೊಳೆಯುವುದಕ್ಕೆ: ಮೃದು ವ್ಯಾಕ್ಸ್ ತೆಳುವಾಗಿ ಕರಗಿಸಿ, ಬೆಚ್ಚಗಿರುವಾಗಲೇ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು ತೆಗೆಯಿರಿ. ಬರುವ ಸಿಪ್ಪೆ ಬೂದುಬಣ್ಣದ್ದಾಗಿದ್ದರೆ ಇನ್ನೊಮ್ಮೆ. ಬಿಳಿ ಸಿಪ್ಪೆ ಬರತೊಡಗಿದರೆ ಬೇಸ್ ಚೊಕ್ಕಟವಾಯಿತು ಅಂತ ಅರ್ಥ. ಎರಡನೇ ಸುತ್ತು ಉಳಿಸಿಡುವುದಕ್ಕೆ. ಒಂದು ಜೋಡಿಗೆ ಸುಮಾರು 20–25 ಗ್ರಾಂ ಬೇಕು, ಎಂದಿಗಿಂತ ಎರಡು ಪಟ್ಟು. ಇಸ್ತ್ರಿಪೆಟ್ಟಿಗೆಯ ಮೂಲೆಯಿಂದ ಎರಡೂ ಎಡ್ಜ್ ಉದ್ದಕ್ಕೂ ಹನಿ ಬಿಡಿ, ನಡುವೆ ಅಂಕುಡೊಂಕಾಗಿ ಇನ್ನೊಂದು ಸಾಲು. ಬಳಿಕ ಪೆಟ್ಟಿಗೆಯನ್ನು ತುದಿಯಿಂದ ಬಾಲದವರೆಗೆ ನಿಲ್ಲಿಸದೆ ಎಳೆಯಿರಿ. ಕರಗಿದ ವ್ಯಾಕ್ಸ್ ಎಡ್ಜ್ ದಾಟಿ ಪಕ್ಕಕ್ಕೆ ಇಳಿಯಬೇಕು. ಕೆರೆಯಬೇಡಿ, ಜನವರಿಯವರೆಗೆ ಅದು ಹಾಗೆಯೇ ಇರಲಿ.

ಒಂದು ಪರೀಕ್ಷೆ ತಪ್ಪಿಸಬೇಡಿ. ಆರಿದ ಮೇಲೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಸ್ಕೀಯ ತುದಿಯಲ್ಲಿ ಓರೆಯಾಗಿ ಹಿಡಿದು ಎಡ್ಜ್ ಉದ್ದಕ್ಕೂ ಬೆಳಕು ಹಾಯಿಸಿ. ವ್ಯಾಕ್ಸ್ ಕೂತಲ್ಲಿ ಎಡ್ಜ್ ಹಾಲಿನ ಕೆನೆಯ ಹಾಗೆ ಮಸುಕಾಗಿ ಕಾಣುತ್ತದೆ. ಕೂರದ ಕಡೆ ಬೆಳ್ಳಿಯ ಎಳೆಯಂತೆ ಫಳಕ್ಕನೆ ಹೊಳೆಯುತ್ತದೆ. ಆರುವಾಗ ವ್ಯಾಕ್ಸ್ ಕುಗ್ಗುವುದರಿಂದ ಬಾಲದ ಕೊನೆಯ ಒಂದು ಗೇಣಿನಲ್ಲಿ, ತುದಿಯ ಬಾಗಿನಲ್ಲಿ ಹೀಗೆ ಎರಡು ಮೂರು ಮಿಲಿಮೀಟರ್ ಬಿಟ್ಟುಹೋಗುವುದು ಸಾಮಾನ್ಯ. ಆಗಸ್ಟ್‌ನಲ್ಲಿ ಕಂದು ಚುಕ್ಕೆ ಏಳುವುದು ಸರಿಯಾಗಿ ಅಲ್ಲೇ. ವ್ಯಾಕ್ಸ್ ಗಟ್ಟಿಯನ್ನು ಸೀಸದಕಡ್ಡಿಯ ಹಾಗೆ ಅಲ್ಲಿ ಒತ್ತಿ ತಿಕ್ಕಿ, ಹೆಬ್ಬೆರಳ ಬಿಸಿಯಲ್ಲಿ ಸವರಿ ಕೂರಿಸಿ.


ತುಂಗಾತೀರ

ಸ್ಕೀಗೆಂದೇ ಮಾಡಿದ ಇಸ್ತ್ರಿಪೆಟ್ಟಿಗೆ ಇಲ್ಲ. ಬಟ್ಟೆಯದ್ದು ನಡೆಯುತ್ತದೆಯೇ? ವ್ಯಾಕ್ಸ್ ಬದಲು ಮೇಣದಬತ್ತಿ? ಎಡ್ಜ್‌ಗೆ ಕೊಬ್ಬರಿ ಎಣ್ಣೆ?


ಎಡ್ಜ್_88

ಬಟ್ಟೆಯ ಪೆಟ್ಟಿಗೆ ನಡೆಯುತ್ತದೆ, ಉಗಿಯ ತೂತು ಇಲ್ಲದ ಹಳೆಯ ನಮೂನೆಯದ್ದಾದರೆ. ತಟ್ಟೆ 120 ಡಿಗ್ರಿ ಸುಮಾರಿಗಿರಬೇಕು. ಗುಂಡಿಯ ಮೇಲಿನ ಒಂದು ಚುಕ್ಕೆ ಅಂದರೆ 110ರ ಆಸುಪಾಸು, ಎರಡು ಚುಕ್ಕೆ ಅಂದರೆ 150ರವರೆಗೆ. ಒಂದನ್ನು ದಾಟಿ ಸ್ವಲ್ಪ ಮುಂದೆ ನಿಲ್ಲಿಸಿ. ವ್ಯಾಕ್ಸ್ ಹೊಗೆಯಾಡಿದರೆ ಬಿಸಿ ಹೆಚ್ಚಾಯಿತು. ಬೇಸ್‌ನ ಪಾಲಿಥಿಲೀನ್ ಕರಗುವುದು 135 ಡಿಗ್ರಿಯ ಸುಮಾರಿಗೆ, ಬಿಸಿ ಹೆಚ್ಚಾದ ಪೆಟ್ಟಿಗೆ ಒಂದೆಡೆ ನಿಂತರೆ ಸುಡುತ್ತದೆ. ಸುಟ್ಟ ಬೇಸ್ ಮತ್ತೆ ವ್ಯಾಕ್ಸ್ ಕುಡಿಯುವುದಿಲ್ಲ. ಹಳೆಯ ಪೆಟ್ಟಿಗೆಗಳ ಬಿಸಿ ಏರಿಳಿಯುತ್ತದೆ, ಪ್ರತಿ ಸಲ ಒಂದು ಹಳೆಯ ಬಟ್ಟೆಗೆ ತಾಗಿಸಿ ನೋಡಿ. ಆ ಪೆಟ್ಟಿಗೆಯನ್ನು ಮತ್ತೆ ಬಟ್ಟೆಗೆ ಬಳಸುವ ಆಸೆ ಬಿಡಿ.

ಬಣ್ಣ, ವಾಸನೆ ಇಲ್ಲದ ಬಿಳಿ ಮೇಣದಬತ್ತಿ ಪ್ಯಾರಾಫಿನ್ನೇ. ಎಡ್ಜ್ ಮುಚ್ಚಿ ಕಾಪಾಡುವುದಕ್ಕೆ ಸಾಕಾಗುತ್ತದೆ, ಜಾರುವುದಕ್ಕೆ ಆಗುವುದಿಲ್ಲ. ಡಿಸೆಂಬರ್‌ನಲ್ಲಿ ಪೂರ್ತಿ ಕೆರೆದು ತೆಗೆದು ಸರಿಯಾದ ವ್ಯಾಕ್ಸ್ ಹಾಕುವುದಾದರೆ ಅಡ್ಡಿಯಿಲ್ಲ. ಜೇನುಮೇಣ ಅಂಟು, ಅದು ಬೇಡ. ಕೊಬ್ಬರಿ ಎಣ್ಣೆಯೂ ಬೇಡ: ಅದು ಕಮಟುವಾಗ ಹುಟ್ಟುವ ಆಮ್ಲ ಉಕ್ಕನ್ನೇ ತಿನ್ನುತ್ತದೆ, ಇರುವೆಯನ್ನೂ ಕರೆಯುತ್ತದೆ.


ಹಂಚಿನಮನೆ

ಮಾರಾಯ್ರೆ, ಇಷ್ಟೆಲ್ಲ ಪ್ಲಾಸ್ಟಿಕ್ ಚೀಲ ಯಾಕೆ? ಬಚ್ಚಲೊಲೆಯ ಮೇಲಿನ ಅಟ್ಟಕ್ಕಿಂತ ಒಣ ಜಾಗ ಮಲೆನಾಡಿನಲ್ಲಿ ಬೇರೆ ಇಲ್ಲ. ಬಿತ್ತನೆ ಬೀಜ, ಕೊಬ್ಬರಿ, ಕಟ್ಟಿಗೆ, ಒದ್ದೆ ಬಟ್ಟೆ ಎಲ್ಲ ಅಲ್ಲೇ ಅಲ್ಲವೇ ಉಳಿಯುವುದು? ಹೊಗೆಗೆ ಗೆದ್ದಲೂ ಬರುವುದಿಲ್ಲ, ಹುಳುವೂ ಬರುವುದಿಲ್ಲ.


ಒಣಹವೆ

ಬೀಜಕ್ಕೆ ಅದು ಸರಿ, ಅದರ ಬಗ್ಗೆ ತಕರಾರಿಲ್ಲ. ಸ್ಕೀಗೆ ಮೂರು ತೊಂದರೆ. ಒಂದು, ಹೊಗೆಯ ಜಿಡ್ಡು ಬೇಸ್‌ಗೂ ಬೂಟಿನ ಲೈನರ್‌ಗೂ (ಒಳಗಿನ ಮೆತ್ತೆಗೂ) ಹತ್ತಿದರೆ ಹೋಗುವುದಿಲ್ಲ. ಎರಡು, ಒಲೆ ಉರಿಯುವುದು ಬೆಳಗ್ಗೆ, ಸಂಜೆ. ನಡುವೆ ಆರಿದಾಗ ಹಂಚಿನ ಸಂದಿಯಿಂದ ಒದ್ದೆ ಗಾಳಿ ಮರಳಿ ಬರುತ್ತದೆ. ದಿನಕ್ಕೆರಡು ಸಲ ಬಿಸಿ, ಎರಡು ಸಲ ತಂಪು ಅಂದರೆ ಅಂಟು ಬಿಡುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಬೇಡ. ಮೂರು, ಏಪ್ರಿಲ್–ಮೇ ತಿಂಗಳಲ್ಲಿ ಹಂಚಿನಡಿಯ ಅಟ್ಟ ಮಧ್ಯಾಹ್ನ ಕಾದ ಬಾಣಲೆಯಂತಿರುತ್ತದೆ. ವ್ಯಾಕ್ಸ್ ಮೆತ್ತಗಾಗಿ ಇಳಿಯುತ್ತದೆ, ಏರು ಹತ್ತಲು ಸ್ಕೀಯ ತಳಕ್ಕೆ ಅಂಟಿಸುವ ಸ್ಕಿನ್ ಇದ್ದರೆ ಅದರ ಗೋಂದು ಕರಗುತ್ತದೆ.

ಬೀರುವಿನೊಳಗೆ 15 ವಾಟ್ ಬಲ್ಬ್ ಉರಿಸುವುದು ಕ್ಯಾಮೆರಾ ಇರುವ ಮನೆಗಳ ಹಳೆಯ ಉಪಾಯ. ಲೆಕ್ಕ ನೋಡಿ: ಹೊರಗೆ 24 ಡಿಗ್ರಿ, ತೇವ 95 ಇದ್ದಾಗ ಒಳಗೆ 30 ಡಿಗ್ರಿಗೆ ಏರಿಸಿದರೆ ತೇವ 67ರ ಆಸುಪಾಸಿಗೆ ಇಳಿಯುತ್ತದೆ. ಬೂಷ್ಟಿಗೆ ಅದು ಗಡಿ, ತುಕ್ಕಿಗೆ ಇನ್ನೂ ಹೆಚ್ಚೇ. ಮಳೆಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ತಂಪಾಗುವ ಬೀರುವಿನ ಒಳಗೋಡೆಯಲ್ಲಿ ನೀರು ಬೆವರುತ್ತದೆ. ಕರೆಂಟ್ ನೆಚ್ಚಿಕೊಂಡ ಉಪಾಯ ಯಾವುದೂ ನಮ್ಮ ಕಡೆ ನಾಲ್ಕು ತಿಂಗಳು ನಿಲ್ಲುವುದಿಲ್ಲ. ಶಿವಮೊಗ್ಗ ಪೇಟೆಯಲ್ಲಿ ಆಗುಂಬೆಯ ಮಳೆಯ ಕಾಲುಭಾಗವೂ ಇಲ್ಲ, ಕರೆಂಟೂ ಹೆಚ್ಚು ನಿಲ್ಲುತ್ತದೆ. ಅಲ್ಲಿ ಮಹಡಿ ಮನೆಯ ಒಳಕೋಣೆಯ ಬೀರು, ಬಲ್ಬ್ ಎರಡೂ ಸೇರಿ ನಡೆದೀತು.


ತುಂಗಾತೀರ

ಹಾಗಾದರೆ ಚೀಲ ಅಂತಲೇ ಇಟ್ಟುಕೊಳ್ಳೋಣ. ಎಂಥ ಚೀಲ, ಎಷ್ಟು ದಪ್ಪ, ಒಳಗೆ ಏನು?


ಒಣಹವೆ

ಕೊಳವೆಯ ಹಾಗೆ ಸುರುಳಿಯಲ್ಲಿ ಬರುವ ಪಾಲಿಥಿಲೀನ್ ಶೀಟ್ ಪ್ಯಾಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. 200 ಮೈಕ್ರಾನ್ ದಪ್ಪ, ಚಪ್ಪಟೆಯಾಗಿ ಹಾಸಿದಾಗ 50 ಸೆಂ.ಮೀ. ಅಗಲ ಇರುವುದನ್ನು ಕೇಳಿ. ಬೇಸ್‌ಗೆ ಬೇಸ್ ಸೇರಿಸಿ ಕಟ್ಟಿದ ಜೋಡಿ, ಬೈಂಡಿಂಗ್ ಸಮೇತ ಅದರೊಳಗೆ ಹೋಗುತ್ತದೆ. 170 ಸೆಂ.ಮೀ. ಸ್ಕೀಗೆ 220 ಸೆಂ.ಮೀ. ಕತ್ತರಿಸಿಕೊಳ್ಳಿ. ಬ್ರೇಕ್‌ನ ತುದಿಗೆ, ಬೈಂಡಿಂಗ್‌ನ ಮೂಲೆಗೆ ಹಳೆಯ ಬಟ್ಟೆ ಸುತ್ತಿ, ಇಲ್ಲದಿದ್ದರೆ ಚೀಲ ಅಲ್ಲೇ ತೂತಾಗುತ್ತದೆ. ಎರಡೂ ಬಾಯಿಯನ್ನು ಬೆಣ್ಣೆಕಾಗದದ ಮೇಲಿಂದ ಇಸ್ತ್ರಿಪೆಟ್ಟಿಗೆ ಒತ್ತಿ ಬೆಸೆಯಿರಿ. ಒಂದು ಬೆರಳು ಅಂತರದಲ್ಲಿ ಎರಡು ಗೆರೆ ಬರಲಿ. ಅಲ್ಯೂಮಿನಿಯಂ ಪದರದ ಶೀಟ್ ಸಿಕ್ಕರೆ ಇನ್ನೂ ಉತ್ತಮ. ಆದರೆ ಒಳಗಿಡುವ ತೇವದ ಮಾಪಕ ಕಾಣುವುದಿಲ್ಲ, ಒಂದು ಕಿಟಕಿ ಅಂಟಿಸಬೇಕಾಗುತ್ತದೆ.

ಒಳಗೆ ಸಿಲಿಕಾ ಜೆಲ್, ಅಂದರೆ ತೇವ ಹೀರುವ ಕಾಳು. ಎಷ್ಟು ಅನ್ನುವಲ್ಲಿ ಹೆಚ್ಚಿನವರು ಎಡವುತ್ತಾರೆ. ಬೂಟಿನ ಡಬ್ಬದ ಜೊತೆ ಬಂದ ಎರಡು ಪುಟ್ಟ ಪೊಟ್ಟಣ ಹಾಕಿ ನಿಶ್ಚಿಂತರಾಗುತ್ತಾರೆ. ಆ ಚೀಲದ ಗಾಳಿಯಲ್ಲಿರುವ ನೀರು ನಿಜಕ್ಕೂ ಅತ್ಯಲ್ಪ: ಹತ್ತನೇ ಒಂದು ಘನಮೀಟರ್ ಗಾಳಿ 25 ಡಿಗ್ರಿಯಲ್ಲಿ ಪೂರ್ತಿ ಒದ್ದೆಯಾಗಿದ್ದರೂ 2 ಗ್ರಾಂ ಚಿಲ್ಲರೆ. ತೊಂದರೆ ಇರುವುದು ಪ್ಲಾಸ್ಟಿಕ್‌ನಲ್ಲಿ. ಪಾಲಿಥಿಲೀನ್ ನೀರು ಹಿಡಿದರೂ ಆವಿಯನ್ನು ನಿಧಾನ ಒಳಗೆ ಬಿಡುತ್ತದೆ. ಇಷ್ಟು ದೊಡ್ಡ ಚೀಲಕ್ಕೆ ಮಳೆಗಾಲದಲ್ಲಿ ದಿನಕ್ಕೆ ಅಂದಾಜು 1 ಗ್ರಾಂ. 120 ದಿನಕ್ಕೆ 120 ಗ್ರಾಂ ನೀರಾಯಿತು. ಸಿಲಿಕಾ ಜೆಲ್ ಚೀಲದೊಳಗೆ ತೇವವನ್ನು 50ರ ಕೆಳಗೆ ಇಟ್ಟುಕೊಂಡು ತನ್ನ ತೂಕದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ನೀರು ಕುಡಿಯಬಲ್ಲದು. ಆದ್ದರಿಂದ ಸ್ಕೀ ಚೀಲಕ್ಕೆ 500 ಗ್ರಾಂ ಬೇಕು. ನಾಲ್ಕು ಕಾಟನ್ ಚೀಲ ಹೊಲಿದು 125 ಗ್ರಾಂನಂತೆ ಹಂಚಿ, ಉದ್ದಕ್ಕೂ ಇಡಿ.

ಬಚ್ಚಲಿಗೆ, ಬೀರುವಿಗೆ ಅಂತ ಮಾರುವ, ನೀರು ತುಂಬಿಕೊಳ್ಳುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬ ಬೇಡವೇ ಬೇಡ. ಅದು ಹೀರಿದ ನೀರು ಉಪ್ಪುನೀರಾಗಿ ನಿಲ್ಲುತ್ತದೆ. ಡಬ್ಬ ಒಮ್ಮೆ ಮಗುಚಿದರೆ ಎಡ್ಜ್, ಬೈಂಡಿಂಗ್‌ನ ಸ್ಕ್ರೂ ಎಲ್ಲ ಒಂದೇ ವಾರದಲ್ಲಿ ಕೆಂಪಾಗುತ್ತವೆ. ಸುಡುಸುಣ್ಣವೂ ಬೇಡ, ನೀರು ಹೀರುವಾಗ ಕಾಯುತ್ತದೆ, ಉಬ್ಬುತ್ತದೆ. ಅಕ್ಕಿ ಹೀರುವುದು ತೀರಾ ಕಡಿಮೆ, ಅದರಲ್ಲಿ ಹುಳುವೂ ಆಗುತ್ತದೆ.


ನಗರ_ಹೋಬಳಿ

ಮಾಪಕದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಗ್ಗದ ಡಿಜಿಟಲ್ ಹೈಗ್ರೋಮೀಟರ್‌ಗಳು ಐದು ಹತ್ತು ಅಂಕ ತಪ್ಪು ತೋರಿಸುವುದು ಮಾಮೂಲು. ಮನೆಯಲ್ಲೇ ಸರಿನೋಡಬಹುದು. ಬಾಟಲಿ ಮುಚ್ಚಳದಲ್ಲಿ ಒಂದು ಚಮಚ ಅಡುಗೆ ಉಪ್ಪು ಹಾಕಿ, ನಾಲ್ಕೈದು ಹನಿ ನೀರು ಬಿಡಿ. ಉಪ್ಪು ಒದ್ದೆ ಮರಳಿನ ಹಾಗಿರಬೇಕು, ಕರಗಬಾರದು. ಅದನ್ನೂ ಮಾಪಕವನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿ, 12 ಗಂಟೆ ಅಲುಗಿಸದೆ ಬಿಡಿ. ಒಳಗಿನ ತೇವ 75ಕ್ಕೆ ನಿಲ್ಲುತ್ತದೆ, ಅದು ಉಪ್ಪಿನ ಗುಣ. ಮಾಪಕ 69 ತೋರಿಸಿದರೆ ಅದು 6 ಕಡಿಮೆ ಓದುತ್ತಿದೆ, ಹಿಂಬದಿಗೆ ಅಂಟುಪಟ್ಟಿ ಹಚ್ಚಿ ಹಾಗೆಂದು ಬರೆದಿಡಿ. ಗುಂಡಿ ಸೆಲ್ ಹೊಸದಾಗಿ ಹಾಕಿ, ಸ್ಕೀ ಚೀಲದ ಒಳಗೆ ಮುಖ ಹೊರಗೆ ಕಾಣುವಂತೆ ಅಂಟಿಸಿ.


ಬಕಲ್_ಬೂಟು

ಬೂಟಿನ ವಿಷಯಕ್ಕೆ ಬರೋಣ. ಸ್ಕೀಗೆ ತುಕ್ಕು ಹಿಡಿದರೆ ಉಜ್ಜಬಹುದು, ಬೂಟು ಕೆಟ್ಟರೆ ಎಸೆಯುವುದೇ.

ಲೈನರ್ ಹೊರಗೆ ತೆಗೆಯಿರಿ, ಎಡ ಬಲ ಗುರುತು ಮಾಡಿ. ಒಳಗಿನ ಪಾದಹಾಸನ್ನೂ ಬೇರೆ ಮಾಡಿ. ಶೆಲ್‌ನ (ಬೂಟಿನ ಹೊರಗಿನ ಗಟ್ಟಿ ಚಿಪ್ಪಿನ) ತಳದಲ್ಲಿ ಒಂದು ಬಿಡಿ ಹಲಗೆ ಇರುತ್ತದೆ, ಎಷ್ಟೋ ಜನರಿಗೆ ಅದು ಮೇಲೇಳುತ್ತದೆ ಅನ್ನುವುದೇ ಗೊತ್ತಿರುವುದಿಲ್ಲ. ಕರಗಿದ ಹಿಮದ ನೀರು ಅದರ ಅಡಿಯಲ್ಲಿ ನಿಂತಿರುತ್ತದೆ, ಬೂಟಿನ ಮುಗ್ಗಲು ವಾಸನೆ ಹುಟ್ಟುವುದೂ ಅಲ್ಲಿಂದಲೇ. ಎತ್ತಿ ಒರೆಸಿ. ಲೈನರನ್ನು ನೆರಳಿನಲ್ಲಿ ಟೇಬಲ್ ಫ್ಯಾನ್ ಮುಂದೆ ಕನಿಷ್ಠ 24 ಗಂಟೆ ಇಡಿ, ಬಿಸಿಲಿಗೆ, ಒಲೆಯ ಹತ್ತಿರಕ್ಕೆ ಒಯ್ಯಬೇಡಿ. ಪೇಪರ್ ತುರುಕುವುದಾದರೆ ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಿ, ಕೊನೆಗೆ ಒಂದು ಚೂರೂ ಉಳಿಯದಂತೆ ತೆಗೆಯಿರಿ. ಒಳಗೆ ಮರೆತ ಪೇಪರ್ ಬೂಷ್ಟಿಗೆ ಮೊದಲ ಊಟ. ಒಣಗಿತೋ ಇಲ್ಲವೋ ಅಂತ ಕೈಯಿಂದ ತಿಳಿಯುವುದಿಲ್ಲ. ಅಡುಗೆ ತಕ್ಕಡಿಯಲ್ಲಿ ಲೈನರ್ ತೂಗಿ, ಆರು ಗಂಟೆ ಬಿಟ್ಟು ಮತ್ತೆ ತೂಗಿ. ತೂಕ ಇಳಿಯುವುದು ನಿಂತರೆ ಮಾತ್ರ ಒಣಗಿದೆ.

ಆಮೇಲೆ ಲೈನರ್ ಮರಳಿ ಹಾಕಿ, ಬಕಲ್‌ಗಳನ್ನು ಮೊದಲ ಹಲ್ಲಿಗೆ ಸಡಿಲವಾಗಿ ಸಿಕ್ಕಿಸಿ. ಪೂರ್ತಿ ಬಿಚ್ಚಿಟ್ಟರೆ ಶೆಲ್ ಬಾಯಿ ಬಿಟ್ಟು ಆಕಾರ ಕಳೆದುಕೊಳ್ಳುತ್ತದೆ, ಬಿಗಿದಿಟ್ಟರೆ ಲೈನರ್ ನಜ್ಜಾಗುತ್ತದೆ. ಪ್ರತಿ ಬೂಟಿನೊಳಗೆ 50 ಗ್ರಾಂ ಸಿಲಿಕಾ ಜೆಲ್ ಹಾಕಿ.

ತೇವಕ್ಕೆ ಇಷ್ಟೊಂದು ಹೆದರಬೇಕಾದ ಕಾರಣ ಬೂಷ್ಟೊಂದೇ ಅಲ್ಲ. ಅನೇಕ ಬೂಟುಗಳ ಶೆಲ್, ಟ್ರೆಕ್ಕಿಂಗ್ ಶೂಗಳ ನಡುತಳ, ಬ್ಯಾಗಿನ ಒಳಲೇಪ ಎಲ್ಲ ಪಾಲಿಯುರಿಥೇನ್. ಬಿಸಿಯೂ ತೇವವೂ ಸೇರಿದರೆ ನೀರು ಆ ಪ್ಲಾಸ್ಟಿಕ್‌ನ ಸರಪಳಿಯನ್ನೇ ಕಡಿಯುತ್ತದೆ. ಹೊರಗಿಂದ ಏನೂ ಕಾಣುವುದಿಲ್ಲ. ಒಂದು ದಿನ ಹಿಮದ ಮೇಲೆ ಮೊದಲ ತಿರುವಿನಲ್ಲಿ ಶೆಲ್ ಬಿರಿಯುತ್ತದೆ, ಶೂ ತಳ ಕಳಚಿ ಬೀಳುತ್ತದೆ. ಒದ್ದೆ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಂಚದಡಿ ನೂಕುವುದು ಇದಕ್ಕೆ ಅತಿ ಹತ್ತಿರದ ದಾರಿ. ಬಿಸಿಲಿಗೆ ನಿಲ್ಲಿಸಿದ ಕಾರಿನ ಹಿಂಬದಿಯ ಡಿಕ್ಕಿಯೊಳಗೆ ಬಿಡುವುದು ಎರಡನೆಯದು.

ಬೂಟು, ಗಾಗಲ್, ಕೈಗವಸು, ಹೆಲ್ಮೆಟ್‌ಗೆ ದಪ್ಪ ಪ್ಲಾಸ್ಟಿಕ್‌ನ (ಎಚ್‌ಡಿಪಿಇ) ನೀಲಿ ಡ್ರಮ್ಮೇ ಸಾಕು. ಬಾಯಿಗೆ ರಬ್ಬರ್ ಉಂಗುರ, ಕಬ್ಬಿಣದ ಬಿಗಿಪಟ್ಟಿ ಇರುವುದಾಗಲಿ. ಗೋಡೆ ದಪ್ಪ ಇರುವುದರಿಂದ ಆವಿ ಒಳಬರುವುದು ಕಡಿಮೆ. ಬೂಟಿನೊಳಗಿನದ್ದು ಬಿಟ್ಟು ಇನ್ನೂ 250 ಗ್ರಾಂ ಸಿಲಿಕಾ ಜೆಲ್ ಹಾಕಿದರೆ ಮಳೆಗಾಲ ದಾಟುತ್ತದೆ.


ಹಂಚಿನಮನೆ

ಡ್ರಮ್ ಅಂದಿರಲ್ಲ, ಅದಕ್ಕೆ ಒಂದು ಎಚ್ಚರಿಕೆ. ನಮ್ಮ ತೋಟದ ಮನೆಗಳಲ್ಲಿ ಖಾಲಿ ಡ್ರಮ್ ಅಂದರೆ ಬೋರ್ಡೋ ದ್ರಾವಣ ಕಲಸಿದ್ದೇ ಆಗಿರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದ ಪುಡಿ ಎಷ್ಟು ತೊಳೆದರೂ ಅಂಚಿನಲ್ಲಿ ನೀಲಿಯಾಗಿ ಉಳಿಯುತ್ತದೆ. ತೇವ ತಾಗಿದರೆ ಅದು ಕಬ್ಬಿಣವನ್ನು ತಿನ್ನುತ್ತದೆ. ಬಕಲ್‌ನ ಮೊಳೆ, ಎಡ್ಜ್ ಯಾವುದೂ ಉಳಿಯುವುದಿಲ್ಲ. ಹೊಸದು ಅಥವಾ ಆಹಾರ ಪದಾರ್ಥ ಬಂದಿದ್ದ ಡ್ರಮ್ ತೆಗೆದುಕೊಳ್ಳಿ. ಗೊಬ್ಬರದ ಚೀಲ, ಸ್ಪ್ರೇ ಪಂಪು ಇರುವ ಕೊಟ್ಟಿಗೆಯಲ್ಲಂತೂ ಇಡಲೇಬೇಡಿ.

ಜಾಗದ ವಿಷಯ: ಮಣ್ಣುಗೋಡೆಗೆ ಒರಗಿಸಬೇಡಿ, ನೆಲಕ್ಕೆ ತಾಗಿಸಬೇಡಿ. ಗೆದ್ದಲು ಪ್ಲಾಸ್ಟಿಕ್ ಶೀಟನ್ನೂ ಕೊರೆದು ಹೋಗುತ್ತದೆ. ಒಳಕೋಣೆಯಲ್ಲಿ, ಜಂತಿಯಿಂದ ಎರಡು ಅಗಲ ಪಟ್ಟಿ ಇಳಿಬಿಟ್ಟು ಸ್ಕೀ ಚೀಲವನ್ನು ಅಡ್ಡ ಮಲಗಿಸಿದರೆ ಇಲಿಗೂ ದೂರ, ಗೆದ್ದಲಿಗೂ ದೂರ. ಪಟ್ಟಿಗಳು ತುದಿ, ಬಾಲದಿಂದ ಒಂದೊಂದು ಮೊಳ ಒಳಗೆ ಬರಲಿ.


ಎಡ್ಜ್_88

ಅಡ್ಡ ಮಲಗಿಸುವುದು ಸರಿ. ಜೋಡಿ ಕಟ್ಟುವಾಗ ನಡುವೆ, ಬೈಂಡಿಂಗ್ ಇರುವಲ್ಲಿ, ಬಿಗಿದು ಅಮುಕಬೇಡಿ. ಎರಡು ಸ್ಕೀ ನಡುವಿನ ಬಿಲ್ಲಿನಂಥ ಬಾಗು ಒಂಬತ್ತು ತಿಂಗಳು ಅದುಮಿಟ್ಟರೆ ಚಪ್ಪಟೆಯಾಗುತ್ತದೆ. ತುದಿಗೊಂದು, ಬಾಲಕ್ಕೊಂದು ಸಡಿಲ ಪಟ್ಟಿ ಸಾಕು. ಬೇಸ್‌ಗಳು ಮುಟ್ಟುವ ಎರಡು ಜಾಗದಲ್ಲಿ ಫೋಮ್ ತುಂಡು ಇಡಿ, ವ್ಯಾಕ್ಸ್ ಉಜ್ಜಿಹೋಗುವುದಿಲ್ಲ. ಕಾಗದ, ರಟ್ಟು ಇಡಬೇಡಿ, ಅವು ತೇವ ಹಿಡಿದುಕೊಳ್ಳುತ್ತವೆ.


ಬಿಳಿಗುಡ್ಡ

ಬೈಂಡಿಂಗ್‌ನ ಸ್ಪ್ರಿಂಗ್ ಸಡಿಲ ಮಾಡಬೇಕು ಅನ್ನುತ್ತಾರಲ್ಲ? ಡಿನ್ ಅಂಕವನ್ನು (ಎಷ್ಟು ಬಲ ಬಿದ್ದರೆ ಬೈಂಡಿಂಗ್ ಕಳಚಬೇಕು ಅನ್ನುವ ಅಳತೆ) ಕನಿಷ್ಠಕ್ಕೆ ಇಳಿಸಿ ಇಡುವ ಪದ್ಧತಿ ಇದೆ.


ಎಡ್ಜ್_88

ಹಳೆಯ ಪದ್ಧತಿ ಅದು. ಈಗಿನ ಸ್ಪ್ರಿಂಗ್‌ಗಳು ತಮ್ಮ ಮಿತಿಯೊಳಗೆ ಅದುಮಿ ನಿಂತದ್ದರಿಂದ ಸೋಲುವುದಿಲ್ಲ. ನಮ್ಮ ಕಡೆ ಇಳಿಸದಿರುವುದೇ ಕ್ಷೇಮ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಇಳಿಸಿದ್ದನ್ನು ಮರಳಿ ಏರಿಸಲು ಮರೆತು ಔಲಿಯ ಇಳಿಜಾರಿಗೆ ಹೋದರೆ ನಡುದಾರಿಯಲ್ಲಿ ಸ್ಕೀ ಕಳಚುತ್ತದೆ. ಹೆಚ್ಚು ಏರಿಸಿದರೆ ಬಿದ್ದಾಗ ಕಳಚದೆ ಮೊಣಕಾಲು ಹೋಗುತ್ತದೆ. ಇಳಿಸಲೇಬೇಕು ಅನ್ನಿಸಿದರೆ ಮುಂದಿನ, ಹಿಂದಿನ ನಾಲ್ಕೂ ಅಂಕಗಳನ್ನು ಅಂಟುಪಟ್ಟಿಯಲ್ಲಿ ಬರೆದು ಸ್ಕೀಗೇ ಹಚ್ಚಿ. ಅಳತೆಪಟ್ಟಿಯ ಕನಿಷ್ಠ ಗೆರೆಗಿಂತ ಕೆಳಗೆ ತಿರುಗಿಸಬೇಡಿ, ಸ್ಕ್ರೂ ಕಳಚಿಕೊಳ್ಳುತ್ತದೆ.


ಬಿಳಿಗುಡ್ಡ

ಸ್ನೋಬೋರ್ಡ್ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ಸೇರಿಸುತ್ತೇನೆ. ವ್ಯಾಕ್ಸ್, ಎಡ್ಜ್ ಎಲ್ಲ ಮೇಲಿನಂತೆಯೇ, ಬೋರ್ಡಿಗೆ 20 ಗ್ರಾಂ ವ್ಯಾಕ್ಸ್ ಸಾಕು. ಬೈಂಡಿಂಗ್ ಎರಡನ್ನೂ ಬಿಚ್ಚಿ. ಸಾಮಾನ್ಯವಾಗಿ ಒಂದೊಂದಕ್ಕೆ ನಾಲ್ಕು ಎಂ6 ಸ್ಕ್ರೂ, ದೊಡ್ಡ 3ನೇ ನಂಬರ್ ಸ್ಕ್ರೂಡ್ರೈವರ್ ಬೇಕು, ಸಣ್ಣದರಲ್ಲಿ ತಲೆ ಸವೆಯುತ್ತದೆ. ಬಿಗಿದೇ ಇಟ್ಟರೆ ಸ್ಕ್ರೂ ಎಳೆತಕ್ಕೆ ಬೇಸ್‌ನಲ್ಲಿ ನಾಲ್ಕು ಸಣ್ಣ ಕುಳಿ ಬೀಳುತ್ತವೆ, ಓರೆ ಬೆಳಕಿನಲ್ಲಿ ನೋಡಿದರೆ ಕಾಣುತ್ತವೆ. ತೂತುಗಳ ಒಳಗಿನ ಹಿಮದ ನೀರನ್ನು ಬಟ್ಟೆಯ ಬತ್ತಿಯಿಂದ ಒರೆಸಿ, ಹೊಲಿಗೆ ಮೆಷಿನ್ ಎಣ್ಣೆ ತಾಗಿಸಿದ ಬತ್ತಿ ಒಮ್ಮೆ ಆಡಿಸಿ. ಬಿಚ್ಚುವ ಮೊದಲು ಬೈಂಡಿಂಗ್ ಕೋನದ ಫೋಟೋ ತೆಗೆದಿಟ್ಟುಕೊಳ್ಳಿ. ಬೈಂಡಿಂಗ್ ಇಲ್ಲದ ಬೋರ್ಡ್ ಚಪ್ಪಟೆ, ಚೀಲವೂ ಚಿಕ್ಕದು, 300 ಗ್ರಾಂ ಸಿಲಿಕಾ ಸಾಕು.


ಗರಿಗವಸು

ಬಟ್ಟೆಗಳ ಬಗ್ಗೆ. ಹೊರಜಾಕೆಟ್ ಒಗೆಯದೆ ಇಡಬೇಡಿ, ಬೆವರಿನ ಉಪ್ಪು, ಮೈಯ ಜಿಡ್ಡು ಒಳಪದರವನ್ನು ಬಿಡಿಸುತ್ತದೆ. ಇಂಥ ಬಟ್ಟೆಗೆಂದೇ ಬರುವ ದ್ರವ ಸೋಪು ಬಳಸಿ, ಮೃದುಕಾರಕ ಹಾಕದೆ, ಎರಡು ಸಲ ನೀರು ಬದಲಿಸಿ. ಗರಿಯ ಜಾಕೆಟ್‌ಗೆ ಮುಂಬಾಗಿಲ ಮೆಷಿನ್ ಬೇಕು. ಒಣಗಿಸುವುದೇ ಕಷ್ಟ: ಡ್ರೈಯರ್ ಇದ್ದರೆ ಕಡಿಮೆ ಬಿಸಿ, ಮೂರು ಟೆನಿಸ್ ಚೆಂಡು, ಮೂರು ಗಂಟೆ. ಇಲ್ಲದಿದ್ದರೆ ಏಪ್ರಿಲ್ ಮೊದಲ ವಾರದ ಒಣ ನೆರಳಲ್ಲಿ ಅಡ್ಡ ಹಾಸಿ ಎರಡು ದಿನ, ಗಂಟೆಗೊಮ್ಮೆ ಒಳಗಿನ ಗಂಟುಗಳನ್ನು ಬೆರಳಿನಿಂದ ಬಿಡಿಸುತ್ತಾ. ಒಂದು ಗಂಟು ಉಳಿದರೂ ಅಲ್ಲಿ ತೇವ ಇದೆ. ಪುಟ್ಟ ಚೀಲದಲ್ಲಿ ಅದುಮಿ ಇಡಬೇಡಿ, ಗರಿ ಮತ್ತೆ ಅರಳುವುದಿಲ್ಲ. ಡ್ರಮ್ಮಿನಲ್ಲಿ ಮೇಲ್ಗಡೆ, ಭಾರ ಬೀಳದಂತೆ ಇಡಿ.

ನುಸಿಗುಳಿಗೆ ಬೇಡ. ನ್ಯಾಫ್ತಲೀನ್ ಆವಿ ಹೆಲ್ಮೆಟ್ ಒಳಗಿನ ಥರ್ಮೋಕೋಲಿನಂಥ ಫೋಮನ್ನು ಕರಗಿಸುತ್ತದೆ, ಹೊರಗಿಂದ ಗೊತ್ತಾಗುವುದೇ ಇಲ್ಲ. ಬಜೆ ಬೇರು, ಲಕ್ಕಿ ಸೊಪ್ಪು ಹಾಕುವುದಾದರೆ ಮುರಿದರೆ ಪುಡಿಯಾಗುವಷ್ಟು ಒಣಗಿರಲಿ, ಹಸಿ ಸೊಪ್ಪು ತಾನೇ ತೇವ ತರುತ್ತದೆ.

ಗಾಗಲ್ ಒಳಗಾಜನ್ನು ಒರೆಸಬೇಡಿ, ಮಂಜು ತಡೆಯುವ ಲೇಪ ಹೋಗುತ್ತದೆ. ಗಾಳಿಗೆ ಒಣಗಿಸಿ, ಬಟ್ಟೆಚೀಲದಲ್ಲಿ ಹಾಕಿ. ಚರ್ಮದ ಕೈಗವಸಿಗೆ ತೆಳುವಾಗಿ ಚರ್ಮದ ಮೇಣ. ಹಿಮಕುಸಿತದಲ್ಲಿ ಹೂತವರನ್ನು ಹುಡುಕಲು ನೆರವಾಗುವ ಬೀಕನ್ ಇದ್ದರೆ ಸೆಲ್ ತೆಗೆದುಬಿಡಿ, ಸೋರಿದ ಸೆಲ್ ಬೀಕನನ್ನೇ ಕೆಡಿಸುತ್ತದೆ.


ತುಂಗಾತೀರ

ಎಲ್ಲರಿಗೂ ಧನ್ಯವಾದ. ಕೊನೆಯ ಪ್ರಶ್ನೆ: ಆಶ್ಲೇಷಾ ಮಳೆಯ ನಡುವೆ ಚೀಲದೊಳಗಿನ ಮಾಪಕ 60 ದಾಟಿದರೆ? ಬಿಚ್ಚಬೇಡಿ ಅಂದಿದ್ದೀರಿ.


ಒಣಹವೆ

60 ದಾಟಿದರೆ ಬಿಚ್ಚಲೇಬೇಕು. ಆದರೆ ತಯಾರಿ ಮಾಡಿಕೊಂಡು. ಹೊಸ 500 ಗ್ರಾಂ ಮೊದಲೇ ಒಣಗಿಸಿ, ಬಿಗಿಮುಚ್ಚಳದ ಡಬ್ಬದಲ್ಲಿ ಸಿದ್ಧವಿಡಿ. ಒಲೆ ಉರಿಯುವ ಅಡುಗೆಮನೆಯಲ್ಲಿ, ಒಲೆಯಿಂದ ಎರಡು ಮಾರು ದೂರ, ಅನ್ನ ಬೇಯದ ಹೊತ್ತಿನಲ್ಲಿ ಚೀಲದ ಒಂದು ಬಾಯಿ ಕತ್ತರಿಸಿ, ಹಳೆಯದು ತೆಗೆದು ಹೊಸದು ಹಾಕಿ, ಐದು ನಿಮಿಷದೊಳಗೆ ಮತ್ತೆ ಬೆಸೆಯಿರಿ. 220 ಸೆಂ.ಮೀ. ಉದ್ದ ಕತ್ತರಿಸಲು ಹೇಳಿದ್ದು ಇದಕ್ಕೇ, ಬಾಯಿ ಎರಡು ಸಲ ಕತ್ತರಿಸಿದರೂ ಉದ್ದ ಸಾಲುತ್ತದೆ.

ಜೂನ್‌ನಲ್ಲೇ 60 ದಾಟಿದರೆ ಸಿಲಿಕಾ ಬದಲಿಸಿ ಪ್ರಯೋಜನವಿಲ್ಲ, ಚೀಲ ತೂತಾಗಿದೆ. ಬ್ರೇಕ್‌ನ ತುದಿ ಇರುವಲ್ಲಿ ಮೊದಲು ಹುಡುಕಿ. ತೂತು ಸಿಕ್ಕರೆ ಅಗಲದ ಅಂಟುಪಟ್ಟಿ ಎರಡು ಪದರ.

ತೆಗೆದ ಸಿಲಿಕಾವನ್ನು ತೂಗಿ. 500 ಇದ್ದದ್ದು 600 ಆಗಿದ್ದರೆ ತನ್ನ ಪಾಲು ಕುಡಿದಿದೆ. ಓವನ್‌ನಲ್ಲಿ 120 ಡಿಗ್ರಿಗೆ ಎರಡು ಮೂರು ಗಂಟೆ, ಅಥವಾ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ, ತೂಕ 500ಕ್ಕೆ ಇಳಿಯುವವರೆಗೆ ಕಾಯಿಸಿ. ನೀಲಿಯಿಂದ ಗುಲಾಬಿಗೆ ತಿರುಗುವ ಕಾಳಿನಲ್ಲಿ ಕೋಬಾಲ್ಟ್ ಇರುತ್ತದೆ, ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಕಿತ್ತಳೆಯಿಂದ ಹಸಿರಿಗೆ ತಿರುಗುವ ಕಾಳು ಕೊಂಡರೆ ಕೋಬಾಲ್ಟ್‌ನ ಚಿಂತೆ ಇಲ್ಲ. ಬಿಸಿ ಇರುವಾಗಲೇ ಡಬ್ಬಕ್ಕೆ ಸುರಿದು ಮುಚ್ಚಿ, ಆರುವವರೆಗೆ ತೆರೆದಿಟ್ಟರೆ ಅಡುಗೆಮನೆಯ ತೇವವನ್ನೆಲ್ಲ ಮತ್ತೆ ಕುಡಿದುಬಿಡುತ್ತದೆ.